ಕಂಪನಿಗೆ ಯಾವ ದೇಶ? ಐಹೊಳೆಯ ನೆರಳಲ್ಲಿ ನಿಂತು ಒಂದು ಉತ್ತರ

(ಹುನಗುಂದದಲ್ಲಿ ನೀಡಿದ ದತ್ತಿ ಉಪನ್ಯಾಸದ ಬರಹ ರೂಪ)



ಈ ದತ್ತಿ ಇಟ್ಟವರು ಮಗ್ಗದಿಂದ ಬದುಕು ಕಟ್ಟಿಕೊಂಡವರು. ವ್ಯಾಪಾರಕ್ಕೂ ಊರಿಗೂ ಇರುವ ಸಂಬಂಧದ ಬಗ್ಗೆ ವರ್ಷಕ್ಕೊಂದು ಮಾತು ಆಗಬೇಕೆಂಬುದು ಅವರ ಅಪೇಕ್ಷೆ. ಈ ವರ್ಷದ ವಿಷಯವನ್ನು ನನಗೆ ಕೊಟ್ಟವರು ಎಂಜಿನಿಯರಿಂಗ್ ಓದುತ್ತಿರುವ ನಮ್ಮ ಜಿಲ್ಲೆಯ ಹುಡುಗ ಹುಡುಗಿಯರು. ಹೋದಲ್ಲೆಲ್ಲ ಅವರದು ಒಂದೇ ಪ್ರಶ್ನೆ: "ಸರ್, ಎಐ ಕಂಪನಿ ಮಾಡೂದಾದ್ರ ಯಾವ ದೇಶದಾಗ ಮಾಡಬೇಕ್ರಿ? ಅಮೆರಿಕಾನೋ, ಸಿಂಗಪುರನೋ, ದುಬೈನೋ?" ಹರಟೆಗೆಂದು ಕೇಳಿದ ಪ್ರಶ್ನೆ ಅಲ್ಲ ಇದು. ಇವರ ಅಣ್ಣ ಅಕ್ಕಂದಿರು ಪುಣೆ, ಬೆಂಗಳೂರು ದಾಟಿ ಡಲ್ಲಾಸ್, ಡಬ್ಲಿನ್ ಸೇರಿದ್ದಾರೆ. ಆ ಊರುಗಳ ಬಾಡಿಗೆ ಎಷ್ಟು, ವೀಸಾ ಎಷ್ಟು ದಿನ ಎಂಬುದೆಲ್ಲ ಇವರಿಗೆ ಬಾಯಿಪಾಠ. ಹಾಗಾಗಿ ನಾಡಾಭಿಮಾನದ ನಾಲ್ಕು ಮಾತು ಹೇಳಿ ಕಳಿಸಿದರೆ ಅವರಿಗೆ ಮೋಸ ಮಾಡಿದಂತೆ. ಲೆಕ್ಕ ಹಾಕಿಯೇ ಉತ್ತರ ಹೇಳಬೇಕು.

ಲೆಕ್ಕಕ್ಕೆ ಮೊದಲು ಐಹೊಳೆಯನ್ನು ನೋಡೋಣ; ಅದು ಇದೇ ತಾಲ್ಲೂಕಿನ ಊರು. ಐಹೊಳೆ ಎಂದರೆ ನಮಗೆ ದುರ್ಗದ ಗುಡಿ, ಮೇಗುತಿ ಗುಡಿ, ಅಲ್ಲಿ ಕ್ರಿ.ಶ. 634ರಲ್ಲಿ ರವಿಕೀರ್ತಿ ಬರೆಸಿದ ಪುಲಕೇಶಿಯ ಶಾಸನ ನೆನಪಾಗುತ್ತವೆ. ಹೊರಗಿನ ನಾಡುಗಳಿಗೆ ಈ ಊರಿನ ಹೆಸರು ಮುಟ್ಟಿಸಿದವರು ಮಾತ್ರ ವ್ಯಾಪಾರಿಗಳು. ಅಯ್ಯಾವೊಳೆ ಎಂದರೆ ಐಹೊಳೆಯೇ. ಅಯ್ಯಾವೊಳೆಯ ಐನೂರ್ವರು ಎಂಬ ವರ್ತಕ ಸಂಘದ ಶಾಸನಗಳು ಕರ್ನಾಟಕ, ತಮಿಳುನಾಡು, ಆಂಧ್ರ, ಶ್ರೀಲಂಕೆಗಳಲ್ಲಿ ಸಿಕ್ಕಿವೆ. ಶಿಕಾರಿಪುರ ಸೀಮೆಯ ಹನ್ನೊಂದನೆಯ ಶತಮಾನದ ಶಾಸನವೊಂದು ಇವರು ತಿರುಗಿದ ದೇಶಗಳನ್ನು ಚೇರ, ಚೋಳ, ಪಾಂಡ್ಯದಿಂದ ಪಾರಸ, ನೇಪಾಳದವರೆಗೆ ಎಣಿಸುತ್ತದೆ. ಆನೆ, ಕುದುರೆ, ಮುತ್ತು, ಏಲಕ್ಕಿ, ಲವಂಗ, ಗಂಧ, ಕರ್ಪೂರ ಎಂದು ಸರಕುಗಳ ಪಟ್ಟಿಯನ್ನೂ ಕೊಡುತ್ತದೆ. ಇನ್ನೂ ದೂರದ ಸಾಕ್ಷಿ ಸುಮಾತ್ರಾ ದ್ವೀಪದ ಬಾರೂಸಿನದು. ಕರ್ಪೂರಕ್ಕೆ ಹೆಸರಾದ ಆ ಬಂದರಿನ ಹತ್ತಿರ 1088ರಲ್ಲಿ ಐನೂರ್ವರು ತಮಿಳಿನಲ್ಲಿ ಕಲ್ಲು ಹಾಕಿಸಿದ್ದಾರೆ. ಹಡಗಿನವರು ಸಂಘಕ್ಕೆ ಚಿನ್ನದಲ್ಲಿ ಸಲ್ಲಿಸಬೇಕಾದ ಪಾಲನ್ನು ಕಸ್ತೂರಿಯ ಬೆಲೆಗೆ ಹೊಂದಿಸಿ ಗೊತ್ತುಮಾಡಿದ ಕಟ್ಟಳೆ ಅದರಲ್ಲಿದೆ.

ಇದನ್ನು ಹೆಮ್ಮೆಗಾಗಿ ಹೇಳುತ್ತಿಲ್ಲ; ಇಂದಿನ ಪ್ರಶ್ನೆಗೆ ಬೇಕಾದ ಒಂದು ತಿಳಿವಳಿಕೆ ಅದರಲ್ಲಿದೆ. ಬಾರೂಸಿನಲ್ಲಿ ಅವರು ಅಲ್ಲಿಗೆ ಬರುವ ಹಡಗಿನವರಿಗೆ ತಿಳಿಯುವ ಭಾಷೆಯಲ್ಲಿ, ಅಲ್ಲಿಯ ವ್ಯಾಪಾರಕ್ಕೆ ತಕ್ಕಂತೆ ಕರಾರು ಬರೆದರು. ಆದರೆ ಸಂಘದ ಕಟ್ಟುಪಾಡು, ಬಣಂಜು ಧರ್ಮ ಎಂದು ಅವರು ಕರೆದದ್ದು, ಎಲ್ಲ ಕಡೆಗೂ ಒಂದೇ. ಯಾವ ರಾಜನ ಸೀಮೆಯಲ್ಲಿದ್ದರೂ ತಾವು ಅಯ್ಯಾವೊಳೆಯವರು ಎಂದೇ ಹೇಳಿಕೊಂಡರು. ಅಂದರೆ ವ್ಯಾಪಾರ ಎಲ್ಲಿ ನಡೆಯಬೇಕು ಎಂಬುದು ಒಂದು ಪ್ರಶ್ನೆ, ತಾವು ಯಾರಿಗೆ ಜವಾಬ್ದಾರರು ಎಂಬುದು ಇನ್ನೊಂದು ಎಂದು ಅವರಿಗೆ ಗೊತ್ತಿತ್ತು. ನಮ್ಮ ಹುಡುಗರು "ಯಾವ ದೇಶ" ಎಂದು ಕೇಳುವಾಗ ಇವೆರಡೂ ಕಲಸಿಹೋಗಿರುತ್ತವೆ. ಜೊತೆಗೆ ಮೂರನೆಯದೊಂದು ಸೇರಿರುತ್ತದೆ: ಹಣ ಹಾಕುವವನು ಎಲ್ಲಿದ್ದಾನೆ?

ಹಣ ಹಾಕುವವನಿಂದಲೇ ಶುರುಮಾಡೋಣ, ಏಕೆಂದರೆ ನಮ್ಮ ಕಂಪನಿಗಳು ಪರದೇಶಕ್ಕೆ ಹೋದದ್ದು ಹೆಚ್ಚಾಗಿ ಅವನ ಮಾತಿಗೆ. ಅಮೆರಿಕದ ಹೂಡಿಕೆದಾರನಿಗೆ ಡೆಲವೇರ್ ರಾಜ್ಯದ ಕಂಪನಿ ಕಾನೂನು ಗೊತ್ತು. ವ್ಯಾಪಾರದ ವ್ಯಾಜ್ಯಗಳಿಗೆಂದೇ ಹೆಸರಾದ, 1792ರಷ್ಟು ಹಳೆಯ ನ್ಯಾಯಾಲಯ ಅಲ್ಲಿದೆ. ಸಿಂಗಪುರದಲ್ಲಿ ಕಂಪನಿ ತೆರಿಗೆ ಶೇಕಡಾ 17, ಬಂಡವಾಳ ಲಾಭಕ್ಕೆ ತೆರಿಗೆಯೇ ಇಲ್ಲ. ದುಬೈ, ಅಬುಧಾಬಿಯ ಕಡೆ 2023ರ ಜೂನಿನಿಂದ ಶೇಕಡಾ 9 ತೆರಿಗೆ ಬಂದಿದ್ದರೂ ನಮಗಿಂತ ಕಡಿಮೆಯೇ. ನಮ್ಮಲ್ಲಿಯೋ 2012ರಲ್ಲಿ ಬಂದ ಏಂಜೆಲ್ ತೆರಿಗೆ ಹೊಸ ಕಂಪನಿಗಳನ್ನು ಹೈರಾಣ ಮಾಡಿತ್ತು. ಹೂಡಿಕೆದಾರ ಶೇರಿಗೆ ಕೊಟ್ಟ ಬೆಲೆ ಜಾಸ್ತಿಯಾಯಿತೆಂದು ಅಧಿಕಾರಿಗೆ ಅನಿಸಿದರೆ, ಹೆಚ್ಚಿನ ಹಣವನ್ನು ಆದಾಯವೆಂದು ಎಣಿಸಿ ತೆರಿಗೆ ಕೇಳುತ್ತಿದ್ದರು. ಇನ್ನೂ ಒಂದು ರೂಪಾಯಿ ದುಡಿಯದ ಕಂಪನಿಗೆ ಆದಾಯ ತೆರಿಗೆ! ಬೆಂಗಳೂರಿನಲ್ಲಿ 2007ರಲ್ಲಿ ಹುಟ್ಟಿದ ಫ್ಲಿಪ್‌ಕಾರ್ಟಿನ ಮಾತೃಸಂಸ್ಥೆ ಆ ತೆರಿಗೆ ಬರುವ ಮೊದಲೇ ಸಿಂಗಪುರದ್ದಾಗಿತ್ತು.

ಮುಂದೆ ಆದದ್ದನ್ನೂ ನೋಡಿ. ಬೆಂಗಳೂರಿನ ಫೋನ್‌ಪೇ 2022ರಲ್ಲಿ ತನ್ನ ನೋಂದಣಿಯನ್ನು ಸಿಂಗಪುರದಿಂದ ಭಾರತಕ್ಕೆ ತಂದಿತು. ಅದಕ್ಕಾಗಿ ಅದರ ಹೂಡಿಕೆದಾರರು ಕಟ್ಟಿದ ತೆರಿಗೆ ಸುಮಾರು 8,000 ಕೋಟಿ ರೂಪಾಯಿ. ಬೆಂಗಳೂರಿನದೇ ಆದ ಹೂಡಿಕೆ ಆ್ಯಪ್ ಗ್ರೋ 2024ರಲ್ಲಿ ಅಮೆರಿಕದಿಂದ ಮರಳಲು ಸುಮಾರು 1,340 ಕೋಟಿ ತೆತ್ತಿತು. ಹೋಗುವಾಗ ಒಂದು ಸಹಿಯ ಕೆಲಸ. ಬರುವಾಗ ಹೊಲ ಮನೆ ಮಾರಿದಷ್ಟು ಖರ್ಚು. ಅವರೇಕೆ ಬಂದರು? ಗಿರಾಕಿಗಳು ಇಲ್ಲಿದ್ದರು, ಶೇರು ಮಾರುಕಟ್ಟೆಗೆ ಇಲ್ಲಿಯೇ ಇಳಿಯಬೇಕಿತ್ತು. ಏಂಜೆಲ್ ತೆರಿಗೆಯನ್ನು 2024ರ ಜುಲೈ ಬಜೆಟ್ಟಿನಲ್ಲಿ ತೆಗೆದುಹಾಕಲಾಯಿತು. ಓಡಿಹೋಗಲು ಇದ್ದ ಕಾರಣಗಳಲ್ಲಿ ದೊಡ್ಡದೊಂದು ಹೋಯಿತು, ಓಡುವ ರೂಢಿ ಮಾತ್ರ ಉಳಿದಿದೆ.

ಇನ್ನೊಂದು ವಿಷಯ ನಮ್ಮ ಹುಡುಗರಿಗೆ ಯಾರೂ ಹೇಳುವುದಿಲ್ಲ. ಬಾಗಲಕೋಟೆಯ ನವನಗರದ ಮನೆಯಲ್ಲಿ ಕೂತು ಡೆಲವೇರಿನಲ್ಲಿ ಕಂಪನಿ ತೆರೆದರೆ ಭಾರತದ ಕಾನೂನು ಬಿಟ್ಟುಹೋಗುತ್ತದೆ ಎಂದು ತಿಳಿಯಬೇಡಿ. ಪರದೇಶದಲ್ಲಿ ಬಂಡವಾಳ ಹಾಕುವುದಕ್ಕೆ 2022ರ ಆಗಸ್ಟಿನಲ್ಲಿ ಬಂದ ನಿಯಮಗಳಿವೆ. ಒಬ್ಬ ವ್ಯಕ್ತಿ ವರ್ಷಕ್ಕೆ ಹೊರಗೆ ಕಳಿಸಬಹುದಾದ ಹಣಕ್ಕೆ ಎರಡೂವರೆ ಲಕ್ಷ ಡಾಲರಿನ ಮಿತಿ ಇದೆ. ವಿದೇಶಿ ಕಂಪನಿಯ ವಹಿವಾಟು ವರ್ಷಕ್ಕೆ 50 ಕೋಟಿ ದಾಟಿ, ಅದರ ಮುಖ್ಯ ತೀರ್ಮಾನಗಳೆಲ್ಲ ಇಲ್ಲಿಯೇ ಆಗುತ್ತಿದ್ದರೆ, ಆದಾಯ ತೆರಿಗೆ ಇಲಾಖೆ ಅದನ್ನು ಭಾರತದ ಕಂಪನಿ ಎಂದೇ ಎಣಿಸಬಹುದು. ಸಿಂಗಪುರವಾದರೆ ಅಲ್ಲೇ ವಾಸಿಸುವ ಒಬ್ಬ ನಿರ್ದೇಶಕನಾದರೂ ಇರಬೇಕು. ನಿಮಗೆ ಅಲ್ಲಿ ಯಾರೂ ಇಲ್ಲದಿದ್ದರೆ ಸಂಬಳ ಕೊಟ್ಟು ಒಬ್ಬರನ್ನು ಇಡಬೇಕು. ಎರಡು ದೇಶದ ಲೆಕ್ಕ, ಇಬ್ಬರು ಲೆಕ್ಕಿಗರು, ಎರಡು ಕಡೆಯ ಗಡುವು. ಒಬ್ಬ ಗಿರಾಕಿಯೂ ಸಿಗುವ ಮೊದಲು ಈ ಭಾರ ಹೊರುವುದು ಯಾವ ಜಾಣತನ?

ಹಾಗಾದರೆ ಪರದೇಶಕ್ಕೆ ಹೋಗಲೇಬಾರದೇ? ಹೋಗಬೇಕಾದವರು ಹೋಗಬೇಕು. ನಮ್ಮ ಹುಬ್ಬಳ್ಳಿಯ ಗುರುರಾಜ ದೇಶಪಾಂಡೆಯವರನ್ನು ನೆನೆಯಿರಿ. ಮದ್ರಾಸಿನ ಐಐಟಿ, ಅಲ್ಲಿಂದ ಕೆನಡಾ, ಅಲ್ಲಿಂದ ಅಮೆರಿಕದ ಮ್ಯಾಸಚೂಸೆಟ್ಸ್. ಅಲ್ಲಿ ಅವರು ಕಟ್ಟಿದ ಕ್ಯಾಸ್ಕೇಡ್ ಕಮ್ಯುನಿಕೇಶನ್ಸ್ 1997ರಲ್ಲಿ ಸುಮಾರು 3.7 ಬಿಲಿಯನ್ ಡಾಲರಿಗೆ ಮಾರಾಟವಾಯಿತು. ದೂರಸಂಪರ್ಕ ಕಂಪನಿಗಳಿಗೆ ಬೇಕಾದ ಸ್ವಿಚ್ಚುಗಳು ಅವರ ಸರಕು. ಕೊಳ್ಳುವವರು ಅಮೆರಿಕದಲ್ಲಿದ್ದರು, 1990ರ ಹುಬ್ಬಳ್ಳಿಯಲ್ಲಿ ಅದನ್ನು ಯಾರಿಗೆ ಮಾರಬೇಕಿತ್ತು? ಅವರು ಆರಿಸಿಕೊಂಡ ಜಾಗ ಸರಿಯಾದದ್ದು. ಬೆಳೆದ ಮೇಲೆ ಹುಬ್ಬಳ್ಳಿಗೆ ಬಂದು ಪ್ರತಿಷ್ಠಾನ ಕಟ್ಟಿ ಹೊಸ ಉದ್ಯಮಿಗಳಿಗೆ ಆಸರೆಯಾದದ್ದೂ ಅಷ್ಟೇ ಸರಿ.

ಇನ್ನೊಂದು ಬಗೆಯ ಉದಾಹರಣೆ ಇನ್ಫೋಸಿಸ್. ಅದರ ಗಿರಾಕಿಗಳೂ ಅಮೆರಿಕದಲ್ಲೇ ಇದ್ದರು. ಆದರೂ 1981ರಲ್ಲಿ ಅದು ನೋಂದಣಿಯಾದದ್ದು ಪುಣೆಯಲ್ಲಿ, 1983ರಲ್ಲಿ ಬಂದು ನೆಲೆಸಿದ್ದು ಬೆಂಗಳೂರಿನಲ್ಲಿ. ಒಂದು ಕಂಪ್ಯೂಟರ್ ತರಿಸಲು, ಒಂದು ಟೆಲಿಫೋನ್ ಹಾಕಿಸಲು ವರ್ಷಗಟ್ಟಲೆ ಕಾಯಬೇಕಾಗಿದ್ದ ಕಾಲವದು. ಹಾಗಿದ್ದೂ 1999ರ ಮಾರ್ಚಿನಲ್ಲಿ ಭಾರತದಲ್ಲಿ ನೋಂದಣಿಯಾಗಿದ್ದುಕೊಂಡೇ ಅಮೆರಿಕದ ನಾಸ್‌ಡಾಕ್ ಮಾರುಕಟ್ಟೆ ಏರಿದ ಮೊದಲ ಕಂಪನಿ ಅದಾಯಿತು. ಅಲ್ಲಿಯ ಹಣ ಪಡೆಯಲು ಮನೆಯ ವಿಳಾಸ ಬದಲಿಸಬೇಕಾಗಲಿಲ್ಲ. ದೇಶಪಾಂಡೆಯವರ ಸರಕಿಗೆ ಕಟ್ಟುವವರೂ ಕೊಳ್ಳುವವರೂ ಒಂದೇ ಕಡೆ ಬೇಕಿತ್ತು. ಇನ್ಫೋಸಿಸ್ಸಿನ ಕೆಲಸಕ್ಕೆ ಕೈಗಳು ಇಲ್ಲಿದ್ದರೆ ಸಾಕಿತ್ತು. ನಿಮ್ಮ ಸರಕು ಯಾವ ಬಗೆಯದು ಎಂದು ಮೊದಲು ನೋಡಿಕೊಳ್ಳಿ. ಅಮೆರಿಕದ ಆಸ್ಪತ್ರೆಗಳ ಬಿಲ್ಲು ಬರೆಯುವ ಎಐ ಕಟ್ಟುತ್ತೀರಾದರೆ ಅಮೆರಿಕಕ್ಕೇ ಹೋಗಿ, ಅದಕ್ಕೆ ನಾಚಿಕೆ ಬೇಡ.

ಕಾನೂನಿನಿಂದ ತಪ್ಪಿಸಿಕೊಳ್ಳಲು ದೇಶ ಬದಲಿಸುವವರಿಗೆ ಮಾತ್ರ ಒಂದು ಮಾತು: ಅದು ಆಗದ ಕೆಲಸ. ಯುರೋಪಿನ ಎಐ ಕಾಯ್ದೆ 2024ರ ಆಗಸ್ಟ್ 1ರಿಂದ ಜಾರಿಯಲ್ಲಿದೆ. ಅಲ್ಲಿನ ಮಾರುಕಟ್ಟೆಗೆ ಇಳಿಯುವ ಕಂಪನಿ ಬಾದಾಮಿಯದಾದರೂ ಅದು ಅನ್ವಯಿಸುತ್ತದೆ. ಘೋರ ತಪ್ಪಿಗೆ ಮೂರೂವರೆ ಕೋಟಿ ಯೂರೋ ಅಥವಾ ಜಾಗತಿಕ ವಹಿವಾಟಿನ ಶೇಕಡಾ 7, ಯಾವುದು ಹೆಚ್ಚೋ ಅಷ್ಟರವರೆಗೆ ದಂಡ. ನಮ್ಮ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆಯೂ ಹಾಗೆಯೇ, ಭಾರತದವರಿಗೆ ಸೇವೆ ಮಾರುವ ಪರದೇಶದ ಕಂಪನಿಯನ್ನೂ ಹಿಡಿಯುತ್ತದೆ. ಗಿರಾಕಿ ಎಲ್ಲಿದ್ದಾನೋ ಕಾನೂನು ಅಲ್ಲಿಯದು.

ಯಂತ್ರಗಳ ಮಾತು ಬಂದಾಗ ಹುಡುಗರು ಕೈಚೆಲ್ಲುತ್ತಾರೆ. ಎಐಗೆ ಬೇಕಾದ ದುಬಾರಿ ಚಿಪ್ಪುಗಳು ಅಮೆರಿಕದಲ್ಲಿವೆ, ನಾವಿಲ್ಲಿ ಏನು ಮಾಡುವುದು ಎನ್ನುತ್ತಾರೆ. 2025ರ ಜನವರಿಯಲ್ಲಿ ಅಮೆರಿಕ ಸರಕಾರ ಚಿಪ್ಪು ಮಾರಾಟಕ್ಕೆ ದೇಶಗಳನ್ನು ಮೂರು ಪಂಕ್ತಿಯಲ್ಲಿ ಕೂರಿಸಿ ನಮ್ಮನ್ನು ಎರಡನೆಯದಕ್ಕೆ ಹಾಕಿತ್ತು. ಮೇ ತಿಂಗಳಲ್ಲಿ ಆ ಆದೇಶವನ್ನೇ ಹಿಂದೆಗೆದುಕೊಂಡಿತು. ಅದೇ ಜನವರಿಯಲ್ಲಿ ಚೀನಾದ ಹಾಂಗ್‌ಝೌ ನಗರದ ಡೀಪ್‌ಸೀಕ್, ಚಿಪ್ಪಿನ ನಿರ್ಬಂಧಗಳ ನಡುವೆಯೇ ಲೋಕ ಬೆರಗಾಗುವಂಥ ಮಾದರಿ ಹೊರತಂದಿತು. ಪ್ಯಾರಿಸ್ಸಿನಲ್ಲಿ ಮಿಸ್ಟ್ರಾಲ್ 2023ರಲ್ಲಿ ಶುರುವಾಯಿತು. ಅದನ್ನು ಕಟ್ಟಿದವರು ಅಮೆರಿಕದ ಕಂಪನಿಗಳ ಕೆಲಸ ಬಿಟ್ಟು ಬಂದವರು. ನಮ್ಮ ಕೇಂದ್ರ ಸರಕಾರ 2024ರ ಮಾರ್ಚಿನಲ್ಲಿ ಒಪ್ಪಿದ ಇಂಡಿಯಾ ಎಐ ಮಿಷನ್ನಿಗೆ 10,372 ಕೋಟಿ ರೂಪಾಯಿ ಇಟ್ಟಿದೆ. ಅದರಡಿ ಹೊಸ ಕಂಪನಿಗಳಿಗೆ ಚಿಪ್ಪಿನ ಬಳಕೆ ಗಂಟೆಗೆ ನೂರು ರೂಪಾಯಿಗಿಂತ ಕಡಿಮೆಗೆ ಸಿಗುತ್ತಿದೆ. ಬೆಂಗಳೂರಿನ ಸರ್ವಂ ಕಂಪನಿಯನ್ನು 2025ರ ಏಪ್ರಿಲ್‌ನಲ್ಲಿ ದೇಶದ ಸ್ವಂತ ಭಾಷಾ ಮಾದರಿ ಕಟ್ಟಲು ಆರಿಸಿದ್ದೂ ಇದೇ ಯೋಜನೆಯಲ್ಲಿ. ಅರ್ಜಿ ಹಾಕುವ ತಾಳ್ಮೆ ಬೇಕು, ಕಾಗದಪತ್ರ ಬೇಕು. ಆದರೆ ಬಾಗಿಲು ಮುಚ್ಚಿಲ್ಲ.

ಇನ್ನು ನನ್ನ ಮನಸ್ಸಿಗೆ ಹೆಚ್ಚು ಹತ್ತಿರದ ಭಾಗಕ್ಕೆ ಬರುತ್ತೇನೆ. ಎಐ ಕಂಪನಿಗೆ ಬಂಡವಾಳ ಹಣ ಒಂದೇ ಅಲ್ಲ. ಮನುಷ್ಯರ ಮಾತು, ಚಿತ್ರ, ಕೈಚಳಕ ಅದರ ಮೊದಲ ಬಂಡವಾಳ. ಅದನ್ನು ಕೊಟ್ಟವರು ಯಾರು, ಅವರಿಗೆ ಕಂಪನಿ ಏನು ಬಾಕಿ ಇದೆ ಎಂಬ ಪ್ರಶ್ನೆಗೆ ಉತ್ತರ ಕೊಡದೆ ದೇಶ ಆರಿಸಲು ಬರುವುದಿಲ್ಲ.

ಇಳಕಲ್ಲ ಸೀರೆಯನ್ನೇ ತೆಗೆದುಕೊಳ್ಳಿ. ಅದರ ಮೈಯ ಹಾಸು ಬೇರೆ, ಸೆರಗಿನ ಹಾಸು ಬೇರೆ. ಸೆರಗಿನ ಕೆಂಪು ರೇಷ್ಮೆಯ ಎಳೆಗಳನ್ನು ಮೈಯ ಎಳೆಗಳಿಗೆ ಒಂದೊಂದಾಗಿ ಸಿಕ್ಕಿಸಿ ಕೊಂಡಿ ಹಾಕುತ್ತಾರೆ. ಸಾವಿರಾರು ಎಳೆ; ಒಂದು ತಪ್ಪಿದರೂ ನೇಯುವಾಗ ಗೆರೆ ಬೀಳುತ್ತದೆ. ಸೀರೆಯನ್ನು ತಿರುವಿ ಸೆರಗು ಕೂಡಿದ ಜಾಗದಲ್ಲಿ ಬೆರಳಾಡಿಸಿದರೆ ಆ ಕೊಂಡಿಗಳ ಸಾಲು ಕೈಗೆ ಹತ್ತುತ್ತದೆ. ಬಲ್ಲವರು ಅದನ್ನು ನೋಡಿಯೇ ಕೈಮಗ್ಗದ್ದು ಎಂದು ಹೇಳುತ್ತಾರೆ. ಪೇಟೆಯಲ್ಲಿ ಪವರ್‌ಲೂಮಿನ ಸೀರೆಗೆ ಇಳಕಲ್ಲಿನ ಹೆಸರಿಟ್ಟು ಮಾರುವುದು ನಿಮಗೆಲ್ಲ ಗೊತ್ತು. ಈ ಸೀರೆಗೆ ಭೌಗೋಳಿಕ ಸೂಚಕದ ಮಾನ್ಯತೆ ಇದೆ, ಪಕ್ಕದ ಗುಳೇದಗುಡ್ಡದ ಖಣಕ್ಕೂ ಇದೆ. ಕೈಮಗ್ಗಕ್ಕೇ ಮೀಸಲಿಟ್ಟ ಬಟ್ಟೆಗಳಿಗಾಗಿ 1985ರ ಕಾಯ್ದೆಯೂ ಇದೆ. ಆದರೆ ಅಂಗಡಿಯಲ್ಲಿ ನಿಂತ ಗಿರಾಕಿಗೆ ಅಸಲಿ ಯಾವುದೆಂದು ಗೊತ್ತಾಗುವುದು ಹೇಗೆ? ಫೋನಿನಿಂದ ಸೆರಗಿನ ಹಿಂಬದಿಯ ಚಿತ್ರ ತೆಗೆದರೆ ಕೊಂಡಿ ಇದೆಯೋ ಇಲ್ಲವೋ ಎಂದು ಹೇಳುವ ಎಐ ಕಟ್ಟಬಹುದು. ಇಂದು ಇಲ್ಲಿ ಹಿಂದೆ ನಿಂತು ಕೇಳುತ್ತಿರುವ ವಿದ್ಯಾರ್ಥಿಗಳಿಗೇ ಅದು ಸಾಧ್ಯ.

ಅದಕ್ಕೆ ಬೇಕಾಗುವುದು ಸಾವಿರಾರು ಚಿತ್ರ. ಚಿಕ್ಕಿ ಪರಾಸ, ಗೋಮಿ, ಗಾಡಿ ದಡಿಗಳ ಚಿತ್ರ. ಕೊಂಡಿ ಹಾಕುವ ಹೆಣ್ಣುಮಕ್ಕಳ ಕೈಯ ಚಿತ್ರ. "ಇಲ್ಲಿ ಎಳಿ ಹರದೈತಿ ನೋಡ್ರಿ, ಇದು ಮಗ್ಗದ ತಪ್ಪು, ಇದು ನೂಲಿನ ತಪ್ಪು" ಎಂದು ವಿವರಿಸುವ ಅವರ ಮಾತು. ಮಾತನ್ನು ಬರಹಕ್ಕಿಳಿಸುವ ಒಂದು ಆ್ಯಪಿನಲ್ಲಿ ಇಂಥ ಮಾತನ್ನು ಹಾಕಿ ನೋಡಿದಾಗ ದಡಿ ಎಂದದ್ದು ಗಡಿ ಎಂದು ಬಂತು, ಹರದೈತಿ ಎಂಬುದು ಬರಲೇ ಇಲ್ಲ. ಪುಸ್ತಕದ ಕನ್ನಡವನ್ನೇ ಉಂಡು ಬೆಳೆದ ಯಂತ್ರಕ್ಕೆ ನಮ್ಮ ಆಡುಮಾತು ದಕ್ಕುವುದಿಲ್ಲ. ಈ ಕೊರತೆ ತುಂಬಲು ಭಾರತೀಯ ವಿಜ್ಞಾನ ಸಂಸ್ಥೆ ರೆಸ್ಪಿನ್ ಯೋಜನೆಯಲ್ಲಿ ಕನ್ನಡವೂ ಸೇರಿ ಒಂಬತ್ತು ಭಾಷೆಗಳ ಉಪಭಾಷೆಗಳನ್ನು ಧ್ವನಿಮುದ್ರಿಸಿದೆ. ಬೆಂಗಳೂರಿನ ಕಾರ್ಯ ಎಂಬ ಸಂಸ್ಥೆ ಚಾಮರಾಜನಗರ ಕಡೆಯ ಹಳ್ಳಿಗಳ ಜನರಿಂದ ಕನ್ನಡ ವಾಕ್ಯಗಳನ್ನು ಓದಿಸಿಕೊಂಡು ಗಂಟೆಗೆ ಸುಮಾರು ಐದು ಡಾಲರ್ ಕೊಟ್ಟಿತು. ಅದೇ ಧ್ವನಿ ಮತ್ತೆ ಮಾರಾಟವಾದರೆ ಓದಿದವರಿಗೆ ಮತ್ತೆ ಪಾಲು ಎಂಬ ಪದ್ಧತಿಯನ್ನೂ ಹಾಕಿಕೊಟ್ಟಿತು. ನನಗೆ ಇದು ಬಹಳ ದೊಡ್ಡ ಮಾತಾಗಿ ಕಾಣುತ್ತದೆ. ಒಮ್ಮೆ ಕೊಟ್ಟ ಧ್ವನಿ ಎಷ್ಟು ಬಾರಿ ದುಡಿಯುತ್ತದೋ ಅಷ್ಟು ಬಾರಿ ಕೂಲಿ.

ಈಗ ದೇಶದ ಪ್ರಶ್ನೆಯನ್ನು ಇಲ್ಲಿಟ್ಟು ನೋಡಿ. ನಮ್ಮ ಹುಡುಗರ ಕಂಪನಿ ಸಿಂಗಪುರದ್ದಾಗಿ, ನೇಕಾರರ ಸಹಿ ಹಾಕಿಸಿಕೊಂಡ ಕರಾರಿನ ಕೊನೆಗೆ "ವ್ಯಾಜ್ಯವೇನಿದ್ದರೂ ಸಿಂಗಪುರದ ಪಂಚಾಯ್ತಿಯಲ್ಲಿ" ಎಂಬ ಸಾಲೊಂದು ಇದ್ದರೆ? ಅದೇ ಚಿತ್ರಗಳಿಂದ ಹೊಸ ದಡಿಗಳನ್ನು ತಾನೇ ಬಿಡಿಸುವ ಎಐ ತಯಾರಾಗಿ, ಅದು ಪವರ್‌ಲೂಮಿನವರಿಗೆ ಮಾರಾಟವಾದರೆ? ಭೌಗೋಳಿಕ ಸೂಚಕದ ನಮ್ಮ ಕಾಯ್ದೆ ನಮ್ಮ ದೇಶದೊಳಗಿನದು. ಹೊರಗೆ ಆ ರಕ್ಷಣೆ ಬೇಕೆಂದರೆ ಅಲ್ಲಿಯ ಕಾನೂನಿನಡಿ ಬೇರೆಯೇ ನೋಂದಣಿ ಮಾಡಿಸಬೇಕು. ದತ್ತಾಂಶ ಕಾಯ್ದೆ ವ್ಯಕ್ತಿಯ ಧ್ವನಿಯನ್ನು ಕಾಯುತ್ತದೆ, ಊರಿನ ವಿನ್ಯಾಸವನ್ನು ಕಾಯುವುದಿಲ್ಲ. ಕಾಯುವುದು ಕರಾರು ಒಂದೇ, ಅದನ್ನು ಹಿಡಿದು ಹೋಗಲು ಕೈಗೆಟುಕುವ ಕೋರ್ಟು ಬೇಕು. ಇಳಕಲ್ಲಿನ ತಾಯಿಯೊಬ್ಬಳು ಬಸ್ಸು ಹತ್ತಿ ನವನಗರದ ನ್ಯಾಯಾಲಯಕ್ಕೆ ಹೋಗಬಲ್ಲಳು. ಸಿಂಗಪುರಕ್ಕೆ ಹೋಗಲಾರಳು.

ದಾಳಿಂಬೆ ಬೆಳೆಗಾರರದೂ ಇದೇ ಮಾತು. ದುಂಡಾಣು ಅಂಗಮಾರಿ ಬಡಿದ ಎಲೆ, ಕಾಯಿಗಳ ಚಿತ್ರ ಕೊಡುವವರು ಅವರು. ರೋಗ ಗುರುತಿಸಿ ಹೇಳುವ ವಿಜ್ಞಾನಿಗಳು ಬಾಗಲಕೋಟೆಯ ತೋಟಗಾರಿಕಾ ವಿಶ್ವವಿದ್ಯಾಲಯದಲ್ಲೇ ಇದ್ದಾರೆ. ಗಿರಾಕಿ ಇಲ್ಲಿ, ಬಂಡವಾಳ ಇಲ್ಲಿ, ತಿಳಿದವರು ಇಲ್ಲಿ. ಕಾಗದ ಮಾತ್ರ ಡೆಲವೇರಿನಲ್ಲಿ ಇರಬೇಕು ಎಂಬುದಕ್ಕೆ ನನಗೆ ಯಾವ ಕಾರಣವೂ ಕಾಣುವುದಿಲ್ಲ. ನಮ್ಮ ಜನರ ಮಾತು, ಕಸುಬು, ಬೆಳೆಯ ಮೇಲೆ ನಿಲ್ಲುವ ಕಂಪನಿ ಭಾರತದಲ್ಲೇ ನೋಂದಣಿಯಾಗಬೇಕು. ಇದು ನನ್ನ ಖಚಿತ ಅಭಿಪ್ರಾಯ.

ಕಸುಬು ಬಲ್ಲ ಜನರ ವಿಷಯ ಹೇಳದೆ ಬಿಡಲಾರೆ. ಪಟ್ಟದಕಲ್ಲಿನ ವಿರೂಪಾಕ್ಷ ಗುಡಿಯನ್ನು ಎಂಟನೆಯ ಶತಮಾನದಲ್ಲಿ ರಾಣಿ ಲೋಕಮಹಾದೇವಿ ಕಟ್ಟಿಸಿದಳು. ಕಟ್ಟಿದ ಗುಂಡ ಅನಿವಾರಿತಾಚಾರಿ, ಸರ್ವಸಿದ್ಧಿ ಆಚಾರಿಯರ ಹೆಸರುಗಳು ಅಲ್ಲಿಯ ಕಲ್ಲಿನಲ್ಲೇ ಇವೆ, ಬಿರುದು ಸಮೇತ. ಗುಡಿಯ ರೂಪದಲ್ಲಿ ಕಂಚಿಯ ಕೈಲಾಸನಾಥನ ಛಾಯೆ ಇದೆ. ಕಸುಬು ನಾಡಿನಿಂದ ನಾಡಿಗೆ ದಾಟುತ್ತದೆ. ಮಾನ ಸಿಕ್ಕಲ್ಲಿ ನಿಲ್ಲುತ್ತದೆ. ಇಂದು ಪರದೇಶದಲ್ಲಿರುವ ನಮ್ಮ ಮಕ್ಕಳ ಕಸುಬೂ ಹಾಗೆಯೇ. 2025ರ ಸೆಪ್ಟೆಂಬರಿನಲ್ಲಿ ಅಮೆರಿಕ ಹೊಸ ಎಚ್-1ಬಿ ವೀಸಾಗಳಿಗೆ ಒಂದು ಲಕ್ಷ ಡಾಲರ್ ಶುಲ್ಕ ಹೇರಿದಾಗ ಎಷ್ಟೋ ಮನೆಗಳಲ್ಲಿ ಚಿಂತೆ ಹೊಕ್ಕಿತು. ಮರಳಿ ಬರಬೇಕೆನ್ನುವ ಮಕ್ಕಳಿಗೆ ನಾವು ಏನು ಕೊಡುತ್ತೇವೆ? ನವನಗರದಲ್ಲಿ ಕೂತು ಕೆಲಸ ಮಾಡಲು ಕಡಿಯದ ಕರೆಂಟು, ನಿಲ್ಲದ ಇಂಟರ್‌ನೆಟ್ಟು, ಮೊದಲ ಗಿರಾಕಿಯಾಗಲು ಒಪ್ಪುವ ಒಂದು ಸಹಕಾರಿ ಸಂಘ, ಇಷ್ಟಾದರೂ ಬೇಕು. ಮೂರನೆಯದು ಸರಕಾರದ ಕೈಯಲ್ಲಿಲ್ಲ, ಈ ಸಭೆಯಲ್ಲಿರುವವರ ಕೈಯಲ್ಲಿದೆ.

ತಂದೆ ತಾಯಂದಿರಲ್ಲಿ ಒಂದು ಬಿನ್ನಹ. "ಅಮೆರಿಕಕ್ಕ ಹೋಗಿ ಕಂಪನಿ ಮಾಡಿದ್ರ ಮಾತ್ರ ದೊಡ್ಡದು" ಎಂಬ ಮಾತನ್ನು ಮನೆಯಲ್ಲಿ ಆಡಬೇಡಿ. ಹಾಗೆಯೇ ಹೋಗುವವರನ್ನು ಹಂಗಿಸಲೂ ಬೇಡಿ. ಗಿರಾಕಿ ಅಲ್ಲಿದ್ದರೆ ಮಗಳು ಅಲ್ಲಿಗೆ ಹೋಗಲಿ.

ಇಲ್ಲೇ ಶುರುಮಾಡುವ ಮನಸ್ಸಿರುವವರಿಗೆ ಮೊದಲ ಕೆಲಸ ಒಂದಿದೆ, ಕಂಪನಿ ನೋಂದಣಿಗಿಂತಲೂ ಮೊದಲಿನದು. ಒಂದೇ ಒಂದು ಚಿತ್ರ ತೆಗೆಯುವ, ಒಂದು ಮಾತು ಮುದ್ರಿಸಿಕೊಳ್ಳುವ ಮುಂಚೆ ಕನ್ನಡದಲ್ಲಿ ಒಂದು ಪುಟದ ಕರಾರು ಬೇಕು. ಚಿತ್ರ ಯಾತಕ್ಕೆ, ಮತ್ತೆ ಮಾರಿದರೆ ಪಾಲೆಷ್ಟು, ತಕರಾರು ಬಂದರೆ ಯಾವ ಊರಿನ ಕೋರ್ಟು, ಬೇಡವೆಂದಾಗ ಅಳಿಸುವುದು ಹೇಗೆ ಎಂಬುದು ಅದರಲ್ಲಿರಬೇಕು; ಓದಲು ಬಾರದವರಿಗೆ ಓದಿ ಹೇಳಬೇಕು. ಕರಡು ಬರೆಯಲು ಆಸಕ್ತಿ ಇರುವವರು ಸಭೆ ಮುಗಿದ ಮೇಲೆ ಇಲ್ಲೇ ಉಳಿಯಿರಿ. ವಕೀಲಿ ಓದುತ್ತಿರುವವರೂ ಬನ್ನಿ, ಕಂಪ್ಯೂಟರ್ ಓದುತ್ತಿರುವವರೂ ಬನ್ನಿ. ಆದರೆ ಮೊದಲು ಮಾತಾಡುವವರು ಮುಂದಿನ ಸಾಲಿನಲ್ಲಿ ಕೂತಿರುವ ಇಳಕಲ್ಲಿನ ತಾಯಂದಿರು, ನಾವು ಬರೆದುಕೊಳ್ಳೋಣ.